ತಲೆ ಲೆಕ್ಕ

ದಹ್ರಾನಿನ ಗುಡ್ಡದ ಮೇಲೆ ರಾತ್ರಿ ಹನ್ನೊಂದು.
ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಕಡಲ ಬೆವರು.
ಒಳಗೆ ನನ್ನ ಉಕ್ಕಿನ ಕೊಪ್ಪರಿಗೆ,
ಅದರೊಳಗೆ ಗಾಳಿಯಿಲ್ಲ.
ಅಷ್ಟು ಇಲ್ಲವಾಗಿಸಲು ಮೂರು ದಿನ ಹಿಡಿಯಿತು:
ಮೈತುಂಬ ಅಲ್ಯೂಮಿನಿಯಂ ಹಾಳೆ ಸುತ್ತಿ,
ನೂರ ಇಪ್ಪತ್ತು ಡಿಗ್ರಿಯಲ್ಲಿ ಬೇಯಿಸಿ,
ಗೋಡೆಗಂಟಿದ ಕೊನೆಯ ಪಸೆಯನ್ನೂ
ಪಂಪಿಗೆ ಕುಡಿಸಿ.

ಡಾಕ್ಟರ್ ಬುತೈನಾ ಹುಫೂಫಿನವರು.
ಚೀಲದಲ್ಲಿ ಖರ್ಜೂರ, ಪುಟ್ಟ ಡಬ್ಬಿಯಲ್ಲಿ ಹರಳು,
ಒಂದು ಸಮೇರಿಯಂಗೆ ಆರು ಬೋರಾನ್,
ಅಕ್ಕಿಕಾಳಿಗಿಂತ ಚಿಕ್ಕದು.
"ಹಂಝ, ಇದರ ಚರ್ಮವನ್ನು ನಂಬಬೇಡ.
ಮೇಲಿನ ಪರಮಾಣು ಬೇರೆಯೇ ಲೆಕ್ಕ ಕೊಡುತ್ತದೆ."
ಆದ್ದರಿಂದ ಶೂನ್ಯದೊಳಗೇ ಒಡೆಯಬೇಕು.
ಉದ್ದ ಸಲಾಕೆಯ ತುದಿಯಿಂದ ಒಂದೇ ತಟ್ಟು.
ಸದ್ದಿಲ್ಲ. ಸದ್ದಿಗೂ ಗಾಳಿ ಬೇಕಲ್ಲ.
ಕಿಟಕಿಯಲ್ಲಿ ಹೊಸ ಮುಖ ಮಿನುಗಿದರೆ ಆಯಿತೆಂದರ್ಥ.
"ಈಗ ನೆಟ್ಟಗೆ ನೋಡು," ಎನ್ನುತ್ತಾರೆ,
"ಓರೆಯಾಗಿ ನೋಡಿದರೆ ಮತ್ತೆ ಚರ್ಮವೇ."

ಎಕ್ಸ್-ರೇ ಹಾಯಿಸಿದೆ.
ಏಟು ತಿಂದು ಹೊರಬಿದ್ದ ಎಲೆಕ್ಟ್ರಾನು
ತಾನು ಬಿಟ್ಟುಬಂದ ಆಳವೆಷ್ಟೆಂದು ವೇಗದಲ್ಲೇ ಹೇಳುತ್ತದೆ.
ಹೊರಟವನನ್ನು ಕೇಳಿ ನಾವು ತಿಳಿಯುವುದು
ಒಳಗುಳಿದವರ ಸುದ್ದಿ:
ಎಫ್ ಕೋಣೆಯಲ್ಲಿ ಈಗ ಎಷ್ಟು ಮಂದಿ,
ಐದೋ, ಆರೋ.

ಪರದೆಯ ಮೇಲೆ ಮೆಲ್ಲನೆ ಗುಡ್ಡ ಏಳುತ್ತದೆ.
ಸಾವಿರದ ಎಂಬತ್ತಮೂರರ ಹತ್ತಿರ ಒಂದು,
ಹತ್ತು ಮೆಟ್ಟಿಲು ಕೆಳಗೆ ಇನ್ನೊಂದು, ಗಿಡ್ಡ.
"ಸರಾಸರಿ ಐದು ದಶಾಂಶ ನಾಲ್ಕು," ಎಂದರು.
ದಶಾಂಶ ನಾಲ್ಕು ಎಂದರೆ?
ಕಾಲು ಒಳಗೆ, ಮುಂಡ ಹೊರಗೆಯೇ?
ನಕ್ಕರು. ಯಾರೂ ಚೂರಾಗಿ ಇರುವುದಿಲ್ಲ,
ಬರುತ್ತಾರೆ, ಹೋಗುತ್ತಾರೆ.
ನಿಧಾನದ ಕಣ್ಣಿಗೆ ಎಲ್ಲ ಕಲಸಿದ ಮಂಜು;
ನಮ್ಮದು ಅವಸರದ ಕಣ್ಣು,
ಸಿಕ್ಕವನು ಸಿಕ್ಕ ಕಡೆಯೇ.
"ಇದೂ ಪೂರ್ತಿ ನಿಜವಲ್ಲ, ಒಂದೇ ಹೊತ್ತಿಗೆ ಎರಡೂ ಅನ್ನಬೇಕು.
ಇರಲಿ, ಖರ್ಜೂರ ತಿನ್ನು."

ಹೋದ ತಿಂಗಳು ತುಗ್ಬಾದ ನಮ್ಮ ಕೋಣೆಗೆ
ಬಲದಿಯಾದವನು ಬಂದಿದ್ದ, ಎಷ್ಟು ಜನ ಎಂದು.
ಮಂಚ ಎಂಟು. ಬಾಗಿಲ ಹಿಂದಿನ ಚೀಟಿಯಲ್ಲಿ ಹೆಸರು ಹನ್ನೊಂದು.
ಕಣ್ಣಿಗೆ ಬಿದ್ದವರು ಐವರು.
ಯಾವುದನ್ನು ಬರೆಯಲಿ ಎಂದು ಪೆನ್ನು ಕಚ್ಚಿದ.

ನನಗೂ ದೂಮಪ್ಪನಿಗೂ ಒಂದೇ ಮಂಚ.
ಎಸಿ ಡಕ್ಟಿನೊಳಗೆ ತೆವಳುವ ಅವನದು ಬೆಳಕಿನ ಪಾಳಿ,
ನನ್ನದು ಕತ್ತಲೆಯದು.
ಮುಖ ನೋಡಿ ಮಾತಾಡಿದ್ದು ಶುಕ್ರವಾರ ಮಾತ್ರ,
ಅದೂ ತುಳುವಿನಲ್ಲಿ, ಅದೂ ಬೂತಾಯಿಯ ರೇಟು.
ಉಳಿದ ದಿನ ಅವನೆಂದರೆ
ದಿಂಬಿನ ಬಿಸಿ, ವಿಕ್ಸ್ ವಾಸನೆ,
ಹಾಸಿಗೆಯ ಬಲಕ್ಕೊಂದು ತಗ್ಗು.

ಮಂಗಳವಾರ ಬೆಳಗಿನ ಐದಕ್ಕೆ ದಿಂಬು ತಣ್ಣಗಿತ್ತು.
ಕಂಪನಿ ಅವನನ್ನು ಜುಬೈಲಿಗೆ ಹಾಕಿದೆಯಂತೆ.
ಪೂರ್ತಿ ಮಂಚ ನನ್ನದೇ,
ಮೈ ಚಾಚಿದೆ, ನಿದ್ದೆ ಬರಲಿಲ್ಲ.
ಒಂದು ಹೊರಬಿದ್ದ ಗುಳಿಯತ್ತ ಉಳಿದವು ವಾಲುತ್ತವೆ,
ವಾಲಿದ್ದರ ಗುರುತೂ ಗೆರೆಯಲ್ಲಿ ಬೀಳುತ್ತದೆ
ಎಂದು ಡಾಕ್ಟರ್ ಯಾವಾಗಲೋ ಹೇಳಿದ್ದರು;
ಕಣ್ಣು ಬಿಟ್ಟಾಗ ಮಧ್ಯಾಹ್ನ,
ನಾನು ಬಲಗಡೆಯ ತಗ್ಗಿನಲ್ಲಿದ್ದೆ.

ಸಂಜೆ ಫೋನು.
"ದಿಂಬಿನಡಿ ನನ್ನ ವಿಕ್ಸ್ ಉಂಟಾ?"
ಉಂಟು ಎಂದೆ.
"ಚೀಟಿಯಿಂದ ಹೆಸರು ಹೊಡೆಯಬೇಡ ಮಾರಾಯ."
ಇಲ್ಲ ಎಂದೆ.
ಬಸ್ಸಿಗೆ ಹೊತ್ತಾಗಿತ್ತು,
ಇವತ್ತು ದ್ರವ ನೈಟ್ರೋಜನ್ ತುಂಬಿಸಬೇಕು.
ಹೊರಡುವಾಗ ಬಾಗಿಲ ಹಿಂದೆ ಎಣಿಸಿ ನೋಡಿದೆ:
ಹನ್ನೊಂದು.